ತೋಳೊಳಗಿನ ಇಲಿಮರಿ

ಜೂನ್ 9

ತಮ್ಮನಿಗೆ ಅಕ್ಕನ ಆಶೀರ್ವಾದ.

ಇಲ್ಲಿ ಎಲ್ಲವೂ ಕ್ಷೇಮ, ನನ್ನ ಬಲಗೈ ಒಂದನ್ನು ಬಿಟ್ಟು. ಅಕ್ಷರ ನೋಡಿ ನಿನಗೆ ಆಗಲೇ ಗಾಬರಿಯಾಗಿರಬೇಕು. ಇದು ನನ್ನದಲ್ಲ, ಪಕ್ಕದ ಮನೆಯ ಲೆಕ್ಕದ ಮೇಷ್ಟ್ರದು. ನಿವೃತ್ತರಾದ ಮೇಲೆ ತಿದ್ದಲು ಉತ್ತರಪತ್ರಿಕೆ ಇಲ್ಲದೆ ಕೈ ಕಡಿಯುತ್ತಿತ್ತಂತೆ, ನಾನು ಸಿಕ್ಕೆ. ನಾನು ಹೇಳಿದ್ದನ್ನು ಬರಹದ ಕನ್ನಡಕ್ಕೆ ತಿರುಗಿಸಿ, ಇಸ್ತ್ರಿ ಹಾಕಿ ಬರೆಯುತ್ತಾರೆ. ಬೈಗುಳ ಬಂದರೆ ಬಿಟ್ಟೇ ಬಿಡುತ್ತಾರೆ. (ಬಿಟ್ಟಿದ್ದೇನೆ. — ಮೇಷ್ಟ್ರು)

ಆದದ್ದು ಇಷ್ಟು. ಹೋದ ತಿಂಗಳ ಹದಿನಾಲ್ಕರ ಬೆಳಿಗ್ಗೆ ಹೊಲಿಗೆಮನೆಯಲ್ಲಿ ಕತ್ತರಿ ಮೇಜಿನ ಮುಂದೆ ನಿಂತಿದ್ದೆ. ಶಾಲೆಯ ಸಮವಸ್ತ್ರದ ನೀಲಿ ಬಟ್ಟೆ, ಎಂಟು ಪದರ ಹಾಸಿ ಸೀಮೆಸುಣ್ಣದ ಗೆರೆ ಎಳೆದಾಗಿತ್ತು. ಕಂಕುಳ ತಿರುವಿಗೆ ಬಂದಾಗ ಕತ್ತರಿ ಗೆರೆ ಬಿಟ್ಟು ಹೋಯಿತು. ಮೂವತ್ತೊಂದು ವರ್ಷದಲ್ಲಿ ಹಾಗಾಗಿರಲಿಲ್ಲ. ಯಾರೋ ಮೇಜು ಅಲುಗಿಸಿದರು ಎಂದು ಬೈಯಲು ತಿರುಗಿದೆ. ಕತ್ತರಿ ಕೆಳಗೆ ಬಿತ್ತು, ಕೈಯೂ ಅದರ ಜೊತೆಗೇ ಇಳಿಯಿತು. ತಲೆಯೊಳಗೆ ಒಂದು ಸಣ್ಣ ನಾಳ ಕಟ್ಟಿಕೊಂಡಿತ್ತಂತೆ. ಮಾತು ಒಂದು ದಿನಕ್ಕೆ ಮರಳಿತು, ಕಾಲು ಒಂದು ವಾರಕ್ಕೆ. ನನ್ನ ಮಾತು ಹೋಯಿತು ಎಂದು ಕೇಳಿ ಹೊಲಿಗೆಮನೆಯಲ್ಲಿ ಕೆಲವರು ನೆಮ್ಮದಿಯ ಉಸಿರು ಬಿಟ್ಟಿದ್ದರಂತೆ, ಪಾಪ. ಕೈ ಮಾತ್ರ ಇನ್ನೂ ಮುನಿಸಿಕೊಂಡಿದೆ. ನಿಧಾನವಾಗಿ ಬರುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ನೀನು ಓಡಿ ಬರಬೇಡ. ಫೋನಿಗೂ ನಿನ್ನ ಮಂದ ಕಿವಿಗೂ ಎಣ್ಣೆ ಸೀಗೆಕಾಯಿ, ಆದ್ದರಿಂದ ಈ ಕಾಗದ.

ಒಂದು ಪ್ರಶ್ನೆ ಇದೆ. ಕೈಗೆ ವ್ಯಾಯಾಮ ಮಾಡಿಸಲು ವಾರಕ್ಕೆ ಮೂರು ದಿನ ಫಿಸಿಯೋ ಒಬ್ಬಾಕೆ ಬರುತ್ತಾಳೆ. ಬಂದಾಗಲೆಲ್ಲ “ಮಸಲ್ ಎಚ್ಚರ ಆಗ್ಬೇಕು ಅಮ್ಮ, ಮಸಲ್‌ಗೆ ನೆನಪು ಬರ್ಬೇಕು” ಎನ್ನುತ್ತಾಳೆ. ಹಾಗೆಂದರೇನು ಎಂದು ಕೇಳಿದರೆ ಮಸಲ್ ಅಂದರೆ ಮಸಲ್ಲೇ ಅಂತೆ. ಮಾಂಸಖಂಡ ಎಂದರು ಮೇಷ್ಟ್ರು. ಅದು ನನಗೂ ಗೊತ್ತು. ಆ ಪದದ ಒಳಗೆ ಏನಿದೆ ಎಂಬುದು ನನಗೆ ಬೇಕು. ಅಂಗಿಯಾಗಿದ್ದರೆ ಹೊಲಿಗೆ ಬಿಚ್ಚಿ ನಾನೇ ನೋಡುತ್ತಿದ್ದೆ. ಇಪ್ಪತ್ತಾರು ವರ್ಷ ಇಂಗ್ಲಿಷ್ ಪದಗಳ ಅನ್ನ ತಿಂದಿದ್ದೀಯಲ್ಲ, ಹೇಳು.

ಅಕ್ಕ


ಜೂನ್ 17

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ಕಾಗದ ತಲುಪಿತು. ಕೈ ವಿಷಯ ಓದಿ ಬೇಸರವಾಯಿತು, ಡಾಕ್ಟರ ಮಾತು ಓದಿ ಸಮಾಧಾನವಾಯಿತು. ಇಲ್ಲಿಂದ ಎದ್ದು ಬರುವ ಹಾಗೂ ಇಲ್ಲ. ನಿಘಂಟಿನಲ್ಲಿ ನಾವೀಗ ಎಮ್ ಅಕ್ಷರದಲ್ಲಿದ್ದೇವೆ, ಕರಡು ತಿಂಗಳ ಕೊನೆಗೆ ಅಚ್ಚಿಗೆ ಹೋಗಬೇಕು. ನೀನು ಕೇಳಿದ ಪದ ನನ್ನ ಮೇಜಿನ ಮೇಲೆಯೇ ಇದೆ ಎಂದರೆ ನಂಬುತ್ತೀಯಾ? ನಮ್ಮ ಕೋಣೆಯ ಗೋಡೆ ತುಂಬ ಮರದ ಖಾನೆಗಳು, ಪದಕ್ಕೊಂದು ಚೀಟಿಯ ಕಟ್ಟು. ಬೇರೆ ಬೇರೆ ಕಡೆಯ ಮೂರು ಆಧಾರ ಸಿಗದೆ ಯಾವ ಅರ್ಥವೂ ನಿಘಂಟಿನ ಒಳಗೆ ಬರುವಂತಿಲ್ಲ, ಇದು ನಮ್ಮ ಕಟ್ಟಳೆ. ನಿನ್ನ ಪದಕ್ಕೆ ಮೂರಲ್ಲ, ಮೂವತ್ತು ಚೀಟಿ ಇವೆ.

ಅದರ ಒಳಗೆ ಇರುವುದು ಒಂದು ಇಲಿಮರಿ.

ತಮಾಷೆಯಲ್ಲ. ಲ್ಯಾಟಿನ್ನಿನಲ್ಲಿ ಇಲಿಗೆ ‘ಮುಸ್’ ಎನ್ನುತ್ತಾರೆ, ಪುಟ್ಟ ಇಲಿಗೆ ‘ಮುಸ್ಕುಲುಸ್’. ತೋಳು ಮಡಚಿದಾಗ ಚರ್ಮದ ಕೆಳಗೆ ಏನೋ ಉಬ್ಬಿ ಸರಿಯುತ್ತದಲ್ಲ, ಅದನ್ನು ಕಂಡವರು ಒಳಗೊಂದು ಇಲಿಮರಿ ಓಡಿತು ಎಂದರು. ಅದೇ ಹೆಸರಾಗಿ ನಿಂತಿತು. ಗ್ರೀಕರಲ್ಲಂತೂ ಇಲಿಗೂ ಇದಕ್ಕೂ ಒಂದೇ ಪದ. ಇಂಗ್ಲಿಷಿನವರು ಅದನ್ನು ಎರವಲು ತಂದು ಆರುನೂರು ವರ್ಷವಾಯಿತು, ಇಲಿಯನ್ನು ಮರೆತರು, ಪದವನ್ನು ಇಟ್ಟುಕೊಂಡರು. ಇನ್ನೊಂದು ಕೇಳು. ಆ ‘ಮುಸ್’, ಇಂಗ್ಲಿಷಿನ ‘ಮೌಸ್’, ನಮ್ಮ ‘ಮೂಷಿಕ’ ಮೂರೂ ಒಂದೇ ಬೇರಿನ ಮಕ್ಕಳು. ನಿನ್ನ ಫಿಸಿಯೋ ದಿನಾ ನಿನ್ನ ಮುಂದೆ ಮೂಷಿಕನನ್ನು ಕರೆಯುತ್ತಿದ್ದಾಳೆ, ಅವಳಿಗೇ ತಿಳಿಯದೆ.

ಬಳಕೆಗಳೂ ಸ್ವಾರಸ್ಯವಾಗಿವೆ. ಬಲವಂತವಾಗಿ ನುಗ್ಗಿ ಜಾಗ ಹಿಡಿಯುವುದಕ್ಕೂ ಇದೇ ಪದ. ಕದಲದೆ ಕೂತವನನ್ನು ಕುರಿತು ‘ಒಂದು ಮಸಲ್ ಕೂಡ ಅಲುಗಿಸಲಿಲ್ಲ’ ಎನ್ನುತ್ತಾರೆ.

ಚೆನ್ನಾಗಿ ಊಟ ಮಾಡು. ಎಮ್ ಮುಗಿದ ಮೇಲೆ ನೋಡೋಣ.

ನಿನ್ನ ತಮ್ಮ


ಜೂನ್ 30

ತಮ್ಮನಿಗೆ ಆಶೀರ್ವಾದ.

ಮೇಷ್ಟ್ರು ನಿನ್ನ ಕಾಗದವನ್ನು ಎರಡು ಸಲ ಓದಿದರು. ಮೊದಲ ಸಲ ನಾನು ನಕ್ಕೆ. ಎರಡನೆಯ ಸಲ ನಗಲಿಲ್ಲ.

ನಮ್ಮ ಹೊಲಿಗೆಮನೆಯ ಇಸ್ತ್ರಿಯವನು ನಿನಗೆ ಗೊತ್ತಲ್ಲ, ತೋಳಿಲ್ಲದ ಬನಿಯನ್ನಿನಲ್ಲಿ ನಿಂತು ದಿನಕ್ಕೆ ಮುನ್ನೂರು ಅಂಗಿ ಉಜ್ಜುವವನು. ಇಸ್ತ್ರಿಪೆಟ್ಟಿಗೆ ಅತ್ತ ಹೋದಾಗ ಅವನ ತೋಳಿನಲ್ಲಿ ಒಂದು ಉಬ್ಬು ಮೇಲಕ್ಕೆ ಓಡುತ್ತದೆ, ಇತ್ತ ಬಂದಾಗ ಮೊಣಕೈ ಕಡೆಗೆ ಇಳಿದು ಅಡಗುತ್ತದೆ. ಇಷ್ಟು ವರ್ಷ ಎದುರು ಮೇಜಿನಲ್ಲಿ ನಿಂತು ಅದನ್ನು ನೋಡಿದ್ದೇನೆ. ನೋಡಿದ್ದೆ, ಕಂಡಿರಲಿಲ್ಲ. ಎರಡು ಸಾವಿರ ವರ್ಷದ ಹಿಂದೆ ಯಾವನೋ ಇಂಥದೇ ಒಂದು ತೋಳಿನ ಎದುರು ಕೂತು ಕಂಡುಬಿಟ್ಟ. ಅವನ ಭಾಷೆ ಬೇರೆ, ಬಟ್ಟೆ ಬೇರೆ. ತೋಳು ಇದೇ. ಮೇಷ್ಟ್ರು ಓದಿ ಮುಗಿಸಿದಾಗ ನನಗೆ ಮೈ ಜುಮ್ ಎಂದಿತು. ಎಡಗಡೆ ಮಾತ್ರ ಎಂದು ಸೇರಿಸಲು ಮೇಷ್ಟ್ರು ಹೇಳುತ್ತಿದ್ದಾರೆ, ಅವರ ಹಾಸ್ಯ ಅಷ್ಟೇ.

ಫಿಸಿಯೋಗೆ ಹೇಳಿದೆ. ಹನ್ನೊಂದು ವರ್ಷದಿಂದ ಆಕೆ ಈ ಪದ ಹೇಳಿಕೊಂಡೇ ಊಟ ಮಾಡುತ್ತಿದ್ದಾಳೆ. ನನ್ನ ಕೈಯನ್ನು ದಿಂಬಿನ ಮೇಲೆ ಇಳಿಸಿದಳು. ಆಮೇಲೆ ತನ್ನ ತೋಳನ್ನೇ ಮಡಚಿ ನೋಡಿಕೊಂಡಳು.

ಈಗ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಕಿಟಕಿಯ ಪಕ್ಕ ಕೂತು, ಬಲತೋಳನ್ನು ದಿಂಬಿನ ಮೇಲಿಟ್ಟು, ರವಿಕೆಯ ತೋಳು ಮೇಲಕ್ಕೆ ಸರಿಸಿ ನೋಡುತ್ತೇನೆ. ಮಡಚು ಎಂದು ಮನಸ್ಸಿನಲ್ಲೇ ಹೇಳುತ್ತೇನೆ. ಇಲಿ ಬಿಲ ಬಿಟ್ಟು ಬಂದಿಲ್ಲ. ‘ಬೆಟ್ಟ ಅಗೆದು ಇಲಿ ಹಿಡಿದ ಹಾಗೆ’ ಎಂದು ನಾವು ಆಡಿಕೊಳ್ಳುತ್ತೇವಲ್ಲ, ಆ ಗಾದೆ ಕಟ್ಟಿದವನಿಗೆ ಎರಡು ಕೈಯೂ ನೆಟ್ಟಗಿದ್ದಿರಬೇಕು. ನಾನು ಬೆಟ್ಟ ಅಗೆಯಲು ತಯಾರು, ಇಲಿ ಒಂದು ಸಿಕ್ಕರೆ ಸಾಕು.

ನೀನು ಬರೆದ ಕೊನೆಯ ಬಳಕೆ, ಕದಲದೆ ಕೂತವನ ಬಗ್ಗೆ ಹೇಳಿದ್ದು, ಅದಕ್ಕೆ ಆಧಾರ ಬೇಕಾದರೆ ನನ್ನನ್ನೂ ಒಂದು ಚೀಟಿಯಲ್ಲಿ ಬರೆದುಕೊ.

ಅಕ್ಕ


ಜುಲೈ 12

ಮಾನ್ಯರೇ,

ನಿಮ್ಮ ಅಕ್ಕನವರ ಪರವಾಗಿ ಈವರೆಗೆ ಬರೆದವನು ನಾನು. ಇದನ್ನು ಮಾತ್ರ ಅವರಿಗೆ ತಿಳಿಸದೆ ನನ್ನ ಪರವಾಗಿ ಬರೆಯುತ್ತಿದ್ದೇನೆ. ಮೂವತ್ತೈದು ವರ್ಷ ಮಕ್ಕಳಿಗೆ ನಕಲು ಮಾಡಬೇಡಿ, ಬಚ್ಚಿಡಬೇಡಿ ಎಂದು ಹೇಳಿದವನಿಗೆ ಇದು ಕಷ್ಟ.

ಡಾಕ್ಟರು ಹೇಳಿದ್ದನ್ನು ನಿಮ್ಮ ಅಕ್ಕ ಅರ್ಧ ಬರೆಸಿದರು. ಇನ್ನರ್ಧ ಹೀಗಿದೆ: ಬರುವುದಿದ್ದರೆ ಮೊದಲ ಮೂರು ತಿಂಗಳಲ್ಲಿ ಸುಳಿವು ಕಾಣಬೇಕು, ಕಾಣದಿದ್ದರೆ ಆ ಕೈಯ ಮೇಲೆ ಹೆಚ್ಚು ಆಸೆ ಇಡಬೇಡಿ. ಆಗಸ್ಟ್ ಹದಿನಾಲ್ಕಕ್ಕೆ ಮೂರು ತಿಂಗಳು. ಹೊಲಿಗೆಮನೆಯಲ್ಲಿ ಅವರ ಮೇಜನ್ನು ಅಲ್ಲಿಯವರೆಗೆ ಖಾಲಿ ಇಟ್ಟಿದ್ದಾರೆ. ಕತ್ತರಿ ಹಿಡಿಯದೆ ಅವರು ಇರಬಲ್ಲರು ಎಂದು ನನಗೆ ಅನ್ನಿಸುವುದಿಲ್ಲ.

ದಿನಾ ಒಂದು ಗಂಟೆ ತೋಳು ನೋಡುತ್ತ ಕೂರುತ್ತಾರೆ. ಅಷ್ಟು ಹೊತ್ತು ರೆಪ್ಪೆ ಕೂಡ ಹೊಡೆಯುವುದಿಲ್ಲ. ನೀವು ಹೇಳಿದ ಆ ಇಲಿ ನಿಜವೋ, ಅಕ್ಕನ ಸಂತೋಷಕ್ಕೆಂದು ಕಟ್ಟಿದ್ದೋ, ದಯವಿಟ್ಟು ತಿಳಿಸಿ. ಲೆಕ್ಕದವನು ನಾನು, ಉತ್ತರ ತಪ್ಪಿದ್ದರೆ ಬೇಗ ಗೊತ್ತಾಗುವುದು ಒಳ್ಳೆಯದು.

ಇಂತಿ,
ಪಕ್ಕದ ಮನೆಯವನು


ಜುಲೈ 20

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ಎಮ್ ಕರಡು ತಡವಾದರೂ ಕೊನೆಗೆ ಅಚ್ಚಿಗೆ ಹೋಯಿತು. ಹೋಗುವ ಮುಂಚೆ ಆ ಒಂದು ಚೀಟಿಯ ಕಟ್ಟನ್ನು ಮತ್ತೆ ಬಿಚ್ಚಿ ಎಲ್ಲ ಆಧಾರಗಳನ್ನೂ ಪರೀಕ್ಷಿಸಿದೆ. ಇಲಿಮರಿ ನಿಜ, ಎಳ್ಳಷ್ಟೂ ಅನುಮಾನವಿಲ್ಲ. ಲ್ಯಾಟಿನ್ನಿನವರು ತೋಳಿನ ಮೇಲ್ಭಾಗಕ್ಕೆ ಹಲ್ಲಿಯ ಹೆಸರನ್ನೂ ಇಟ್ಟಿದ್ದರಂತೆ. ಹುಡುಕುತ್ತಾ ಇನ್ನೊಂದು ಕಣ್ಣಿಗೆ ಬಿತ್ತು. ನಮ್ಮ ಮಂದಿ ಕಾಲಿನ ಹಿಂಬದಿಯ ಉಬ್ಬನ್ನು ಏನೆನ್ನುತ್ತಾರೆ? ಮೀನಖಂಡ. ಹುಟ್ಟಿದಾಗಿನಿಂದ ಹೇಳುತ್ತ ಬಂದ ಪದ. ಅವರು ತೋಳಿನಲ್ಲಿ ಇಲಿ ಕಂಡರೆ ನಾವು ಕಾಲಿನಲ್ಲಿ ಮೀನು ಕಂಡಿದ್ದೇವೆ. ಅವರಿಗೆ ನಮ್ಮ ಸುದ್ದಿ ಗೊತ್ತಿಲ್ಲ, ನಮಗೆ ಅವರದು ಗೊತ್ತಿರಲಿಲ್ಲ. ಇದು ಹೊಳೆದಾಗ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟು ಬಹಳ ಹೊತ್ತು ಕೂತಿದ್ದೆ. ಮೈಯೊಳಗೆ ಇನ್ನೊಂದು ಜೀವ ಇದೆ ಎಂದು ಮನುಷ್ಯರಿಗೆ ಎಲ್ಲ ಕಡೆಯೂ ಅನ್ನಿಸಿದೆಯಲ್ಲ.

ಆದರೆ ಅಕ್ಕ, ಒಂದು ಮಾತು. ಪದ ನಿಜವಾಗಿದ್ದರೂ ಪದ ಔಷಧಿಯಲ್ಲ. ಎರಡು ಸಾವಿರ ವರ್ಷ ಹಳೆಯದು ಎಂಬ ಕಾರಣಕ್ಕೆ ಇಲಿ ನಮ್ಮ ಮಾತು ಕೇಳಬೇಕೆಂದಿಲ್ಲ. ನಾನು ಏನೋ ಸ್ವಾರಸ್ಯವೆಂದು ಬರೆದೆ, ನೀನು ಅದನ್ನೇ ಹಿಡಿದುಕೊಂಡು ಕೂತು ನಾಳೆ ನಿರಾಸೆಯಾದರೆ ಆ ಪಾಪ ನನ್ನದು. ಅಷ್ಟು ಹೊತ್ತು ನೋಡುತ್ತ ಕೂರಬೇಡ. ಎಡಗೈಯಲ್ಲೂ ಎಷ್ಟೋ ಜನ ಎಷ್ಟೋ ಕೆಲಸ ಮಾಡುತ್ತಾರೆ. ಬರಬೇಕೆಂದು ಬಹಳ ಆಸೆಯಿದೆ, ಎನ್ ಅಕ್ಷರ ಶುರುವಾಗಿದೆ, ರಜೆ ಕಷ್ಟ.

ನಿನ್ನ ತಮ್ಮ


ಆಗಸ್ಟ್ 1

ತಮ್ಮನಿಗೆ,

ಮೇಷ್ಟ್ರು ನಿನಗೆ ಬರೆದದ್ದು ಗೊತ್ತಾಯಿತು. ನಿನ್ನ ಕಾಗದ ಓದುವಾಗ ‘ಔಷಧಿಯಲ್ಲ’ ಎಂಬಲ್ಲಿ ಅವರ ದನಿ ನಡುಗಿತು. ಒಂದು ಲೋಟ ನೀರು ಕೊಟ್ಟು ಕೇಳಿದೆ, ಒಪ್ಪಿಕೊಂಡರು. ಈಗ ತಲೆ ತಗ್ಗಿಸಿಕೊಂಡು ಇದನ್ನು ಬರೆಯುತ್ತಿದ್ದಾರೆ. ಬೈಗುಳ ಬಿಡಬಾರದು ಎಂದು ಹೇಳಿದ್ದೇನೆ.

ಕತ್ತೆ, ನಾನು ನಿನ್ನ ಹತ್ತಿರ ಔಷಧಿ ಕೇಳಿರಲಿಲ್ಲ. ಔಷಧಿ ಡಾಕ್ಟರು ಕೊಟ್ಟಿದ್ದಾರೆ, ದಿನಕ್ಕೆ ನಾಲ್ಕು ಗುಳಿಗೆ. ಕೈ ಬರದಿದ್ದರೆ ಕತ್ತರಿ ಹೋಯಿತು, ಕತ್ತರಿ ಹೋದರೆ ನಾನು ಯಾರು ಎಂದು ನನಗೂ ಗೊತ್ತಿಲ್ಲ. ಆ ಭಯ ನನಗೆ ಬೇಕಾದಷ್ಟಿದೆ, ನೀನು ಅಂಚೆಯಲ್ಲಿ ಇನ್ನಷ್ಟು ಕಳಿಸಬೇಕಾಗಿಲ್ಲ. ನಾನು ದಿನಾ ಕೂತು ನೋಡುವುದು ಬೇರೆಯ ಕಾರಣಕ್ಕೆ. ಐವತ್ತೆಂಟು ವರ್ಷ ಈ ಕೈಯಲ್ಲಿ ಉಂಡೆ, ದುಡಿದೆ, ನಿನ್ನ ಕಿವಿ ಹಿಂಡಿದೆ. ಒಂದು ದಿನವಾದರೂ ಇದರ ಮುಖ ನೋಡಿರಲಿಲ್ಲ. ಈಗ ನೋಡುತ್ತಿದ್ದೇನೆ. ಸತ್ತ ಹಾಗೆ ಬಿದ್ದಿದ್ದರೂ ಇದರ ಒಳಗೆ ನನಗಿಂತ ಹಳೆಯದು ಏನೋ ಮಲಗಿದೆ ಅನ್ನಿಸುತ್ತದೆ. ನನಗೆ ಭಕ್ತಿ ಬರುತ್ತದೆ ತಮ್ಮ, ನಗಬೇಡ.

ಇನ್ನು ರಜೆಯ ಮಾತು. ಅಪ್ಪ ಹಾಸಿಗೆ ಹಿಡಿದಾಗ ನೀನು ಹದಿಮೂರು ದಿನ ಬಾಗಿಲಲ್ಲೇ ನಿಂತೆ, ಒಳಗೆ ಕಾಲಿಡಲಿಲ್ಲ. ಕೈಯಲ್ಲಿ ಯಾವುದೋ ಪುಸ್ತಕ ಇತ್ತು. ಅಂದು ನಿನಗೆ ಏನೂ ಹೇಳಲಿಲ್ಲ, ಹೆದರಿದವನನ್ನು ಹೆದರಿಸಬಾರದು ಎಂದು. ಇಂದು ಹೇಳುತ್ತೇನೆ, ನೀನು ಬಾ. ಅಳುವುದಕ್ಕಲ್ಲ, ಬಂದು ಕೆಲಸ ಮಾಡು. ಇಪ್ಪತ್ತೆಂಟನೆಯ ತಾರೀಕು ಬೆಳಿಗ್ಗೆ ತೋಳು ಒಂದು ಕೂದಲೆಳೆಯಷ್ಟು ಅಲುಗಿದಂತೆ ನನಗೆ ಕಂಡಿತು. ಫಿಸಿಯೋ ಬಂದು ಮುಟ್ಟಿ ನೋಡಿ ಇಲ್ಲ ಎಂದಳು. ಮೇಷ್ಟ್ರ ಕನ್ನಡಕಕ್ಕೆ ಇಲಿಯಿರಲಿ ಆನೆಯೂ ಕಾಣದು. ನೋಡಿ ನೋಡಿ ಈಗ ಅಲುಗುವುದು ತೋಳೋ ನನ್ನ ಕಣ್ಣೋ ತಿಳಿಯದಾಗಿದೆ. ಅನುಮಾನ ಪಡುವುದೇ ನಿನ್ನ ಕಸುಬಲ್ಲವೇ? ಬಂದು ನನ್ನ ಪಕ್ಕ ಕೂತು ಅನುಮಾನ ಪಡು. ಇನ್ನು ಎರಡು ವಾರ ಇದೆ.

ಅಕ್ಕ


ಆಗಸ್ಟ್ 19

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ನಿನ್ನೆ ಸಂಜೆ ನಿನ್ನಲ್ಲಿಂದ ಹಿಂತಿರುಗಿ ಕೋಣೆ ಸೇರಿದೆ. ಅಲ್ಲಿ ಕಳೆದ ಒಂಬತ್ತು ದಿನದಲ್ಲಿ ಹೇಳಲಾಗದ್ದು ಒಂದು ಉಳಿದಿದೆ. ಎದುರಿಗೆ ಬಾಯಿ ಬರಲಿಲ್ಲ, ಆದ್ದರಿಂದ ಬರೆಯುತ್ತೇನೆ.

ಮೊದಲ ದಿನ ನಿನ್ನ ಕೋಣೆಯ ಬಾಗಿಲಲ್ಲಿ ನಿಂತಾಗ ಕಾಲು ಅಪ್ಪನ ದಿನಗಳ ಹಾಗೆಯೇ ಕಚ್ಚಿಕೊಂಡಿತು. ನೀನು ತಲೆ ಎತ್ತದೆ “ಬಂದ್ಯಾ, ಚಪ್ಪಲಿ ಬಿಟ್ಟು ಈ ಕಡೆ ಕೂತ್ಕೋ, ಆ ಕಡೆ ಬೆಳಕಿಗೆ ಅಡ್ಡ ಆಗ್ತೀಯ” ಎಂದೆ. ಅಷ್ಟೇ, ಒಳಗೆ ಬಂದಿದ್ದೆ.

ಮೊದಲ ಬೆಳಿಗ್ಗೆ ಏನೂ ಕಾಣಲಿಲ್ಲ, ಅದು ನಿಜ. ಎರಡನೆಯ ಬೆಳಿಗ್ಗೆ ನಿನ್ನ ತೋಳಿನ ಮೇಲೆ ಹೆಬ್ಬೆರಳು ಇಟ್ಟುಕೊಂಡಿದ್ದೆ. ನೀನು ಕಣ್ಣು ಮುಚ್ಚಿ ಮಡಚು ಎಂದು ಗೊಣಗಿದಾಗ ಅದರ ಕೆಳಗೆ ಏನೋ ಮಿಸುಕಿತು. ಸಿಕ್ಕಿತಾ ಎಂದು ನೀನು ಕೇಳಿದೆ. ನಾನು ಇಲ್ಲ ಎಂದೆ. ಅಕ್ಕ, ಅದು ಸುಳ್ಳು. ಹೆಬ್ಬೆರಳಿಗೆ ಅದರದೇ ನಾಡಿಯಿದೆ, ನನ್ನ ನಾಡಿಯನ್ನೇ ನಿನ್ನದೆಂದು ತಿಳಿದೆನೋ ಎಂದು ಹೆದರಿದೆ. ಮೂರನೆಯ ಬೆಳಿಗ್ಗೆ ಹೆಬ್ಬೆರಳು ಬಿಟ್ಟು ಎರಡು ಬೆರಳು ಇಟ್ಟೆ. ಮತ್ತೆ ಮಿಸುಕಿತು. ಮತ್ತೆ ಇಲ್ಲ ಎಂದೆ. ನನಗೆ ಅದು ಎಷ್ಟು ಬೇಕಾಗಿತ್ತೆಂದರೆ ನನ್ನ ಬೆರಳನ್ನೇ ನಾನು ನಂಬಲಿಲ್ಲ. ನೀನು “ಸರಿ, ನಾಳೆ ನೋಡೋಣ” ಎಂದು ತೋಳು ಇಳಿಸಿಕೊಂಡೆ. ಆ ದಿನ ನೀನು ಮಧ್ಯಾಹ್ನ ಊಟ ಬಿಟ್ಟೆ. ಆಗಲೂ ನಾನು ಬಾಯಿ ಬಿಡಲಿಲ್ಲ. ಎರಡೇ ಆಧಾರವಾಗಿತ್ತು. ಎರಡೂ ನನ್ನವೇ.

ನಾಲ್ಕನೆಯ ದಿನ ಮೇಷ್ಟ್ರಿಂದ ಹತ್ತು ಚೀಟಿ ಮಾಡಿಸಿದ್ದು ಅದಕ್ಕೆ. ಕೆಲವುಗಳಲ್ಲಿ ‘ಮಡಚು’, ಕೆಲವುಗಳಲ್ಲಿ ‘ಸುಮ್ಮನಿರು’ ಎಂದು ಬರೆದು, ಯಾವುದು ಎಷ್ಟು ಎಂದು ನನಗೆ ಹೇಳಬಾರದು ಎಂದಿದ್ದೆ. ನಾನು ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿ, ಬೆರಳು ನಿನ್ನ ತೋಳಿನ ಮೇಲಿಟ್ಟೆ. ಅವರು ಪೆನ್ಸಿಲಿನಿಂದ ಮೇಜು ಕುಟ್ಟಿ ಒಂದೊಂದೇ ಚೀಟಿ ನಿನಗೆ ತೋರಿಸಿದರು. ನಾನು ಇದೆ, ಇಲ್ಲ ಎನ್ನುತ್ತ ಹೋದೆ. ಮುಗಿದ ಮೇಲೆ ನಾನು ತಿರುಗಿದಾಗ ಮೇಷ್ಟ್ರು ಕನ್ನಡಕ ತೆಗೆದು ಒರೆಸುತ್ತಿದ್ದರು. ಹತ್ತಕ್ಕೆ ಹತ್ತೂ ಸರಿ. ಕಣ್ಣು ಕಟ್ಟಿ ಊಹಿಸಿದರೆ ಹಾಗಾಗುವುದು ಸಾವಿರದ ಇಪ್ಪತ್ತನಾಲ್ಕರಲ್ಲಿ ಒಂದು ಸಲ ಎಂದರು. ಫಿಸಿಯೋ ಬಂದು ತಾನೂ ಬೆರಳಿಟ್ಟಳು, ನೆಲದ ಮೇಲೇ ಕೂತುಬಿಟ್ಟಳು. ನೀನೊಬ್ಬಳೇ ನೆಟ್ಟಗೆ ಕೂತಿದ್ದೆ. ಯಾರೋ ಮನೆಗೆ ಬಂದಾಗ ಹುಡುಗಿಯರು ಕೂರುವ ಹಾಗೆ.

ಅಂದು ಹನ್ನೆರಡನೆಯ ತಾರೀಕು.

ಇಪ್ಪತ್ತಾರು ವರ್ಷ ಪದಗಳು ಪುಸ್ತಕದಿಂದ ಪುಸ್ತಕಕ್ಕೆ ಬರುತ್ತವೆ ಎಂದುಕೊಂಡಿದ್ದೆ. ಈ ಪದವನ್ನು ಮೊದಲು ಆಡಿದವನು ಪುಸ್ತಕ ನೋಡಿರಲಿಕ್ಕಿಲ್ಲ. ಅವನ ಕೈ ಯಾರದೋ ತೋಳಿನ ಮೇಲಿತ್ತು. ಅಕ್ಕನದೋ, ಮಗುವಿನದೋ. ಒಳಗೆ ಏನೋ ಓಡಿತು, ಅವನು ಬೆಚ್ಚಿದ, ಬಾಯಿಗೆ ಬಂದ ಹೆಸರು ಹೇಳಿದ. ಇವತ್ತು ಕಚೇರಿಯಲ್ಲಿ ಎಮ್ ಅಚ್ಚಿನ ಹಾಳೆ ತಿದ್ದಲು ಬಂದಿದೆ. ಆ ಸಾಲಿಗೆ ಬಂದಾಗ ಎರಡು ಬೆರಳು ತಾವಾಗಿ ಹಾಳೆಯ ಮೇಲೆ ಹೋಗಿ ನಿಂತವು. ಪಕ್ಕದವನು ತಪ್ಪು ಸಿಕ್ಕಿತೇ ಎಂದು ಕೇಳಿದ.

ಎರಡು ದಿನ ನಿನಗೆ ಇಲ್ಲ ಎಂದದ್ದಕ್ಕೆ ಕ್ಷಮಿಸು.

ನಿನ್ನ ತಮ್ಮ


ಡಿಸೆಂಬರ್ 4

ತಮ್ಮನಿಗೆ ಅಕ್ಕನ ಆಶೀರ್ವಾದ.

ಇದು ನನ್ನ ಎಡಗೈ ಬರಹ. ಕಾಗೆ ಕಾಲು ಗುಬ್ಬಿ ಕಾಲು ಎನ್ನಬೇಡ. ಮೇಷ್ಟ್ರು ಪಕ್ಕದಲ್ಲಿ ಕೂತು ತಿದ್ದಲು ಚಡಪಡಿಸುತ್ತಿದ್ದರು, ಚಹಾ ಮಾಡಲು ಒಳಗೆ ಕಳಿಸಿದ್ದೇನೆ. ಒಂದು ಪುಟಕ್ಕೆ ಎರಡು ದಿನ ಹಿಡಿಯುತ್ತದೆ, ಆದ್ದರಿಂದ ಮುಖ್ಯವಾದದ್ದನ್ನಷ್ಟೇ ಬರೆಯುತ್ತೇನೆ. ಇಷ್ಟು ದಿನ ಬರೆಯದೆ ಇದ್ದದ್ದಕ್ಕೂ ಅದೇ ಕಾರಣ. ಇದನ್ನು ಇನ್ನೊಬ್ಬರ ಕೈಯಲ್ಲಿ ಬರೆಸಲು ಮನಸ್ಸಾಗಲಿಲ್ಲ.

ಮೊದಲು ಕೆಟ್ಟ ಸುದ್ದಿ. ಬೆರಳುಗಳು ಬಂದಿಲ್ಲ. ಹೆಬ್ಬೆರಳ ಬುಡದಲ್ಲಿರುವ ಇಲಿ ಗಾಢ ನಿದ್ದೆಯಲ್ಲಿದೆ, ಅದಿಲ್ಲದೆ ಕತ್ತರಿ ತೆರೆಯುವುದಿಲ್ಲ. ಅದು ಏಳುವುದು ಅನುಮಾನ ಎಂದು ಡಾಕ್ಟರು ಈಗ ನನ್ನ ಮುಖ ನೋಡಿಯೇ ಹೇಳಿದರು. ಹೊಲಿಗೆಮನೆಯವರು ಮೇಜನ್ನು ಇನ್ನೊಬ್ಬಳಿಗೆ ಕೊಟ್ಟರು. ಅವಳ ಎದುರು ನಿಂತು ಗೆರೆ ಎಳೆದುಕೊಡುತ್ತೇನೆ, ಎಡಗೈಯಲ್ಲಿ. ಅವಳು ಕಂಕುಳ ತಿರುವಿಗೆ ಬಂದಾಗಲೆಲ್ಲ ನನ್ನ ಬಾಯಿ ಒಣಗುತ್ತದೆ. ಒಂದು ದಿನ ಮನೆಗೆ ಬಂದು ಬಹಳ ಅತ್ತೆ. ಇನ್ನೂ ಅಳು ಬರುತ್ತದೆ, ಬಚ್ಚಿಡುವುದಿಲ್ಲ.

ಆದರೆ ತೋಳು ಏಳುತ್ತದೆ. ದಿಂಬಿನಿಂದ ನಾಲ್ಕು ಬೆರಳು, ಆಮೇಲೆ ಒಂದು ಗೇಣು, ಹೋದ ವಾರ ಎದೆಯವರೆಗೆ. ಪ್ರತಿಯೊಂದಕ್ಕೂ ಕರೆಯಬೇಕು, ಕಾಯಬೇಕು. ಏಳು ಎಂದು ಹೇಳುತ್ತೇನೆ, ಅದು ಯೋಚಿಸುತ್ತದೆ, ಆಮೇಲೆ ಏಳುತ್ತದೆ.

ಮೊನ್ನೆ ಬೆಳಿಗ್ಗೆ ಕೆಲಸಕ್ಕೆ ಹೊರಟಿದ್ದೆ. ಬಾಗಿಲಿಗೆ ಬೀಗ ಹಾಕುತ್ತಿದ್ದೆ, ಎಡಗೈಯಲ್ಲಿ ಬೀಗದಕೈ, ತಲೆಯಲ್ಲಿ ಆ ದಿನದ ಅಂಗಿಗಳ ಅಳತೆ. ಗಾಳಿಗೆ ಕೂದಲು ಕಣ್ಣಿನ ಮೇಲೆ ಬಂತು. ಅದನ್ನು ಸರಿಸಿ, ಬೀಗ ಎಳೆದು ನೋಡಿ, ಮೆಟ್ಟಿಲು ಇಳಿದು, ಬೀದಿಯ ತಿರುವಿನವರೆಗೆ ಹೋದೆ. ಅಲ್ಲಿ ನಿಂತೆ. ಎಡಗೈಯಲ್ಲಿ ಬೀಗದಕೈ ಇತ್ತಲ್ಲ, ಕೂದಲು ಸರಿಸಿದ್ದು ಯಾರು?

ನಾನು ಕರೆದಿರಲಿಲ್ಲ ತಮ್ಮ. ಕಾಯಲೂ ಇಲ್ಲ. ಅದು ತಾನಾಗಿ ಬಂದು, ಮುಷ್ಟಿಯ ಬೆನ್ನಿನಿಂದ ನನ್ನ ಹಣೆ ಸವರಿ, ಸದ್ದಿಲ್ಲದೆ ತನ್ನ ಜಾಗಕ್ಕೆ ಹೋಗಿತ್ತು. ನನಗೆ ತಿಳಿಸಬೇಕು ಎಂದೂ ಅದಕ್ಕೆ ಅನ್ನಿಸಿರಲಿಲ್ಲ. ಬೀದಿಯ ಜನ ಸುತ್ತಿಕೊಂಡು ಹೋದರು, ನಾನು ನಡುಬೀದಿಯಲ್ಲಿ ನಿಂತು ಅಳುತ್ತಿದ್ದೆ. ಆಮೇಲೆ ಕಣ್ಣು ಒರೆಸಿಕೊಳ್ಳೋಣ ಎಂದುಕೊಂಡೆ, ಯಾವ ಕೈ ಎತ್ತಲಿ ಎಂದು ಒಂದು ಕ್ಷಣ ಯೋಚಿಸಬೇಕಾಯಿತು.

ಅಕ್ಕ